‘ಮಡ್ ಟೈರ್ ಹಾಕ್ಸಿ ಸಾರ್, ಲುಕ್ಕೇ ಬೇರೆ’ ಅಂತೆ!

ಲುಕ್ ಕಟ್ಕೊಂಡು ನಾನೇನ್ ಮಾಡ್ಲಿ ಮಾರಾಯ್ರೆ? ಟೈರ್ ಅಂಗಡಿಗಳನ್ನ ಸುತ್ತಿ ಸುತ್ತಿ ತಲೆ ಕೆಟ್ಟೋಗಿದೆ. ‘ಗಾಡಿ ಎಲ್ಲಿ ಓಡುತ್ತೆ, ಮಣ್ಣಲ್ಲೆಷ್ಟು, ಟಾರಲ್ಲೆಷ್ಟು’ ಅಂತ ಒಬ್ಬನಾದ್ರೂ ಕೇಳ್ಬೇಕಲ್ಲ? ಊಹೂಂ. ನನ್ನ ಮಹೀಂದ್ರಾ ಥಾರ್ ಜೀಪು ಕಂಡಿದ್ದೇ ತಡ, ಒಳಗಿಂದ ದಪ್ಪ ದಪ್ಪ ಗಟ್ಟೆಯ ಮಡ್ ಟೈರ್ ಉರುಳಿಸ್ಕೊಂಡು ಬರ್ತಾರೆ.

ನಮ್ಮದು ಮೂಡಿಗೆರೆ ಕಡೆ. ತೋಟದ ಗೇಟಿಂದ ಮನೆವರೆಗೆ ಕೆಂಪು ಜೇಡಿ, ಮಳೆಗಾಲದಲ್ಲಿ ಸೋಪು ಬಳಿದ ಹಾಗಿರುತ್ತೆ. ಕಂಪನಿ ಟೈರಿನ ಸಣ್ಣ ಸಂದಿಗಳಲ್ಲಿ ಅದು ಮೆತ್ಕೊಂಡ್ರೆ ಮುಗೀತು, ಚಕ್ರ ನಿಂತಲ್ಲೇ ಗಿರಗಿರ. ಅಲ್ಲಿ ಮಡ್ ಟೈರೇ ರಾಜ, ಒಪ್ತೀನಿ. ಗಟ್ಟೆ ಗಟ್ಟೆ ನಡುವೆ ಅಗಲ ಜಾಗ ಇರೋದ್ರಿಂದ ಚಕ್ರ ತಿರುಗಿದಷ್ಟೂ ಕೆಸರನ್ನ ಎತ್ತಿ ಬಿಸಾಕುತ್ತೆ. ಆದ್ರೆ ಆ ದಾರಿ ಎಷ್ಟುದ್ದ ಇದೆ ಸ್ವಾಮಿ? ಗೇಟು ದಾಟಿದ ಮೇಲೆ ಎಲ್ಲಾ ಟಾರೇ. ಸಂತೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ.

ಮಳೆಗಾಲದ ಚಾರ್ಮಾಡಿ ಗೊತ್ತಲ್ಲ? ಮಂಜು, ರಸ್ತೆ ಮೇಲೆ ಹರಿಯೋ ನೀರು, ತಿರುವಲ್ಲಿ ಎದುರಿಗೆ ಬಸ್ಸು. ಕೆಸರಲ್ಲಿ ಕಾಪಾಡಿದ ಆ ಅಗಲ ಸಂದಿಯೇ ಇಲ್ಲಿ ಶತ್ರು. ರಸ್ತೆಗೆ ತಾಗೋ ರಬ್ಬರೇ ಕಮ್ಮಿ. ಒದ್ದೆ ಟಾರನ್ನ ಕಚ್ಚಿ ಹಿಡಿಯೋದು ಬ್ಲೇಡಲ್ಲಿ ಗೀರಿದಂಥ ಸಣ್ಣ ಸೀಳುಗಳು, ಮಡ್ ಟೈರಲ್ಲಿ ಅವು ಇರೋದೇ ಅಪರೂಪ. ಬ್ರೇಕ್ ಒತ್ತಿದ್ರೆ ಗಾಡಿ ಇನ್ನಷ್ಟು ಮುಂದೆ ಹೋಗೇ ನಿಲ್ಲೋದು. ತಿರುವಲ್ಲಿ ಆ ಎತ್ತರದ ಗಟ್ಟೆಗಳು ಬಳುಕಿ ಸ್ಟೇರಿಂಗೇ ಸಡಿಲ ಅನ್ನಿಸುತ್ತೆ. ಇದನ್ನ ಯಾವ ಅಂಗಡಿಯವನೂ ಬಾಯಿಬಿಡಲ್ಲ. ಕೆದಕಿ ಕೇಳಿದ್ರೆ ‘ಸ್ವಲ್ಪ ಸೌಂಡ್ ಬರುತ್ತೆ ಅಷ್ಟೇ’ ಅಂತೆ. ಸ್ವಲ್ಪನಾ? ಎಂಬತ್ತರ ಸ್ಪೀಡಲ್ಲಿ ಹಿಂದಿನ ಸೀಟಿನವರ ಜೊತೆ ಕಿರುಚಿ ಮಾತಾಡ್ಬೇಕು. ಟೈರ್ ತೂಕ ಜಾಸ್ತಿ, ಡೀಸೆಲ್ ಕುಡಿಯೋದೂ ಜಾಸ್ತಿ. ಸರಿಯಾಗಿ ರೊಟೇಶನ್, ಅಂದ್ರೆ ಟೈರುಗಳ ಜಾಗ ಅದಲು ಬದಲು, ಮಾಡಿಸದಿದ್ರೆ ಗಟ್ಟೆಗಳು ಏರುಪೇರಾಗಿ ಸವೆದು ಸೌಂಡ್ ಇನ್ನೂ ಏರುತ್ತೆ.

ಕೊಡಗಿನ ಮಾಂದಲಪಟ್ಟಿ ಬೆಟ್ಟಕ್ಕೆ ಬಾಡಿಗೆ ಓಡಿಸೋ ಜೀಪಿನವರು ಹಾಕ್ಲಿ, ಅವರ ಅನ್ನವೇ ಆ ದಾರಿ. ಬೆಂಗಳೂರಿನ ರಿಂಗ್ ರೋಡಲ್ಲಿ ಆಫೀಸಿಗೆ ಹೋಗೋ ಮಹಾಶಯರಿಗ್ಯಾಕೆ? ವೀಕೆಂಡಲ್ಲಿ ಇದೇ ಶೂರರು ನಮ್ಮ ಕಡೆ ಬಂದು, ಕೆಸರಲ್ಲಿ ಹಿಡಿತ ಸಿಗೋಕೆ ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸೋದೂ ಗೊತ್ತಿಲ್ದೆ ಹೂತ್ಕೊಂಡು, ಕೊನೆಗೆ ನಮ್ಮ ಟ್ರ್ಯಾಕ್ಟರ್ರೇ ಬೇಕು ಎಳೆಯೋಕೆ. ಗಾಳಿ ಇಳಿಸೋದು ಗೊತ್ತಿರೋ ಇನ್ನು ಕೆಲವರು ತುಂಬಿಸ್ಕೊಳ್ದೆ ಹಾಗೇ ಹೈವೇ ಹತ್ತಿಬಿಡ್ತಾರೆ. ಇಂಥವರ ದೆಸೆಯಿಂದ ಅಂಗಡಿ ತುಂಬಾ ಮಡ್ ಟೈರು.

ನನಗೆ ಬೇಕಿರೋದು ಎ.ಟಿ., ಆಲ್ ಟೆರೇನ್. 245/75 ಆರ್ 16, ಗಾಡಿ ಜೊತೆ ಬಂದ ಅಳತೆಯೇ. ಟಾರಲ್ಲೂ ಸರಿ, ತೋಟದೊಳಗೂ ಪರವಾಗಿಲ್ಲ. ಆಷಾಢದ ಮಳೆಗೆ ಆ ಜೇಡಿ ಏರು ಹತ್ತದಿದ್ರೆ ಹಿಂದಿನ ಚಕ್ರಕ್ಕೆ ಚೈನ್ ಬಿಗಿದ್ರಾಯ್ತು, ನಮ್ಮಪ್ಪನ ಕಾಲದ ಜೀಪೂ ಹಾಗೇ ಹತ್ತಿದ್ದು. ಚೈನ್ ಸುದ್ದಿ ಅಂಗಡಿಯವರು ಎತ್ತೋದೇ ಇಲ್ಲ. ಲಾಭ ಇಲ್ವಲ್ಲ.

ಒಂದ್ಕಡೆ ಎ.ಟಿ. ಸಿಕ್ತು ಅಂತ ಖುಷಿಯಾಗಿ ಪಕ್ಕೆಯ ಧೂಳು ಒರೆಸಿ ನೋಡ್ತೀನಿ, ನಾಲ್ಕಂಕಿ: 1420. ಅಂದ್ರೆ 2020ರ ಹದಿನಾಲ್ಕನೇ ವಾರದ ಮಾಲು! ‘ರಬ್ಬರ್ ಹಾಗೇ ಇದೆ ನೋಡಿ’ ಅಂತ ಉಗುರಲ್ಲಿ ಒತ್ತಿ ತೋರಿಸ್ತಾನೆ, ಮಾವಿನಹಣ್ಣು ವ್ಯಾಪಾರಕ್ಕಿಟ್ಟಂಗೆ. ರೇಟು ಮಾತ್ರ ಹೊಸದರದ್ದೇ.

ಮಳೆ ಇನ್ನೇನು ಹಿಡ್ಕೊಳ್ಳುತ್ತೆ. ಹಳೇ ಟೈರು ಸವೆದು ‘ಇನ್ನು ಬದಲಿಸು’ ಅನ್ನೋ 1.6 ಮಿ.ಮೀ. ಗುರುತಿಗೆ ಸಮ ಬಂದಿದೆ. ನಿನ್ನೆ ಇನ್ನೊಬ್ಬ ಪುಣ್ಯಾತ್ಮ ಹೇಳಿದ: ‘ಎ.ಟಿ. ಬೇಕಂದ್ರೆ ಪೂರ್ತಿ ದುಡ್ಡು ಕಟ್ಟಿ, ಲೋಡ್ ಬಂದಾಗ ನೋಡಣ. ಮಡ್ ಟೈರ್ ಆದ್ರೆ ಈಗ್ಲೇ ಹಾಕ್ಕೊಡ್ತೀನಿ.’

ಹಾಕ್ಕೊ ಹೋಗಯ್ಯ, ನಿನ್ ಸ್ಕೂಟರಿಗೆ!