ಅಕ್ಷಾಂಶ ಇದೆ, ರೇಖಾಂಶ ಇದೆ, ಬೀಗದ ಕೈ ಇಲ್ಲ

ಇಂಗ್ಲೆಂಡಿನ ಜನಕ್ಕೆ ಬೇರೆ ಕೆಲಸವಿಲ್ಲ. ರಜೆ ಬಂತೆಂದರೆ ಮೊಬೈಲು ಹಿಡಿದು, ಜಿಪಿಎಸ್ ತೋರಿಸಿದ ಕಡೆ ನಡೆದು, ಯಾವುದೋ ಹಳ್ಳಿಯ ಸಮುದಾಯ ಭವನದ ಬೇಲಿಸಂದಿಗೆ ಕೈ ಹಾಕಿ ಡಬ್ಬಿ ಹುಡುಕುತ್ತಾರೆ. ಸಿಕ್ಕರೆ ಒಳಗೊಂದು ಸುರುಳಿ ಕಾಗದ. ಅದರಲ್ಲಿ ಹೆಸರು ಗೀಚಿ, ಡಬ್ಬಿಯನ್ನು ಅಲ್ಲೇ ಇಟ್ಟು ಬರಬೇಕು. ಈ ಆಟಕ್ಕೆ ಜಿಯೋಕ್ಯಾಶಿಂಗ್ ಅಂತ ಹೆಸರು. ಕೆಲವು ಕಡೆ ಸುಳಿವು ಗೋಡೆಯ ಕಲ್ಲಿನಲ್ಲೇ ಇರುತ್ತದೆ. ಕಟ್ಟಿದ ಇಸವಿಯನ್ನು ಕೂಡಿಸಿ ಕಳೆದರೆ ಡಬ್ಬಿಯ ಜಾಗ ಗೊತ್ತಾಗುತ್ತದೆ. ಅಲ್ಲಿನ ಎಷ್ಟೋ ಭವನಗಳು ಮೊದಲ ಮಹಾಯುದ್ಧದಲ್ಲಿ ಸತ್ತ ಊರ ಹುಡುಗರ ನೆನಪಿಗೆ ಕಟ್ಟಿಸಿದವು. ಡಬ್ಬಿಗೆಂದು ಬಂದವನು ಆ ಹೆಸರುಗಳನ್ನೂ ಓದಿಕೊಂಡು ಹೋಗುತ್ತಾನೆ.

2000ರ ಮೇ ತಿಂಗಳ ಮೊದಲಲ್ಲಿ ಅಮೆರಿಕ ಸರ್ಕಾರ, ಜನಸಾಮಾನ್ಯರ ಜಿಪಿಎಸ್‌ಗೆ ಬೇಕೆಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮೇ 3ಕ್ಕೆ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದಲ್ಲಿ ಬಕೆಟ್ ಒಂದನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಜಗತ್ತಿಗೆ ಸಾರಿದ. ಆಟ ಶುರುವಾಗಿದ್ದು ಹಾಗೆ. ಒಳಗಿದ್ದ ಸಾಮಾನಿನಲ್ಲಿ ಒಂದು ಬೀನ್ಸ್ ಡಬ್ಬಿಯೂ ಇತ್ತಂತೆ. ಟೆಂಡರ್ ಇಲ್ಲ, ಕ್ರಿಯಾಯೋಜನೆ ಇಲ್ಲ, ಮೂರೇ ದಿನದಲ್ಲಿ ಕೆಲಸ ಮುಗಿಸಿದ. ನಾಗರಿಕತೆ ಗೊತ್ತಿಲ್ಲದವರು.

ನಾವು ಡಬ್ಬಿಯಂಥ ಚಿಲ್ಲರೆ ಆಟಕ್ಕೆ ಇಳಿಯುವುದಿಲ್ಲ. ಭವನವನ್ನೇ ಬಚ್ಚಿಡುತ್ತೇವೆ. ತಳಪಾಯಕ್ಕೊಂದು ಜಿಪಿಎಸ್ ಫೋಟೋ, ಲಿಂಟಲ್‌ಗೊಂದು, ಚಾವಣಿಗೊಂದು, ಬಿಲ್ ಪಾಸು. ಫೋಟೋದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು ಎಲ್ಲವೂ ದಶಾಂಶದವರೆಗೆ ಸರಿಯಾಗಿರುತ್ತವೆ. ಆ ಜಾಗಕ್ಕೆ ಹೋದರೆ ಜಾಲಿಗಿಡ. ಉದ್ಯೋಗ ಖಾತ್ರಿಯ ಹಾಜರಿ ಆ್ಯಪ್‌ಗೆ ಕೂಲಿಕಾರರ ಬದಲು ಫೋಟೋದ ಫೋಟೋ ಏರಿಸುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತಲ್ಲ, ಅದನ್ನು ಓದಿ ನನಗೆ ಹೆಮ್ಮೆಯೇ ಆಯಿತು. ಉಪಗ್ರಹವನ್ನೂ ಯಾಮಾರಿಸಿದ ಜನ ನಾವು.

ಹಾಗೆ ನೋಡಿದರೆ ಈ ಆಟ ನಮಗೆ ಹೊಸದೂ ಅಲ್ಲ. 1886ರಿಂದ ಸುಮಾರು ಇಪ್ಪತ್ತು ವರ್ಷ ನಾಡಿನ ಶಾಸನಗಳನ್ನು ಕಲೆಹಾಕಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಶಾಸನಗಳ ಜಾಗವನ್ನು ಹೇಳುವ ರೀತಿ ನೋಡಿ: ಊರ ಮುಂದಿನ ಕಲ್ಲು, ಕೆರೆ ತೂಬಿನ ಹತ್ತಿರ, ಇಂಥವರ ಹೊಲದಲ್ಲಿ. ಇಷ್ಟೇ ಸುಳಿವು. ಈಗ ಹೋಗಿ ಹುಡುಕಿ. ಊರ ಮುಂದೆ ಊರೇ ಬಂದಿದೆ, ತೂಬು ಮುಚ್ಚಿದೆ, ಹೊಲ ಲೇಔಟ್ ಆಗಿದೆ. ಕಲ್ಲು ಬಟ್ಟೆ ಒಗೆಯಲಿಕ್ಕೋ ಚರಂಡಿ ದಾಟಲಿಕ್ಕೋ ಆಗಿಬಂದಿದ್ದರೆ ಅದೃಷ್ಟ, ಕಣ್ಣಿಗಾದರೂ ಬೀಳುತ್ತದೆ. ಸುಮಾರು 750ನೇ ಇಸವಿಯ ಕಿತ್ತಯ್ಯನೆಂಬ ವೀರನ ವೀರಗಲ್ಲು ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿದ್ದು 2018ರಲ್ಲಿ, ನೆಲ ಅಗೆಯುವಾಗ. ಅಷ್ಟು ವರ್ಷ ಅವನ ತಲೆಯ ಮೇಲೆ ಎಷ್ಟು ಗಾಡಿ ಓಡಿದ್ದವೋ.

ಪರವಾಗಿಲ್ಲ, ಮುಂದಿನ ರೈಸ್‌ಗಳಿಗಾಗಿ ನಾವೂ ಶಾಸನ ಹಾಕಿಸುತ್ತಿದ್ದೇವೆ. ಕರಿ ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ. ಮೇಲೆ ಶಾಸಕರು, ‘ಇವರ ಅಮೃತ ಹಸ್ತದಿಂದ’. ಆಮೇಲೆ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಬರಿ ಉಪಸ್ಥಿತಿ, ಕೊನೆಗೆ ಗುತ್ತಿಗೆದಾರರು. ವೀರಗಲ್ಲಿನಲ್ಲಿ ಹೆಸರು ಬರಬೇಕಾದರೆ ತುರು ಕಾದು ಸಾಯಬೇಕಿತ್ತು. ಇಲ್ಲಿ ಟೇಪು ಕತ್ತರಿಸಿದರೆ ಸಾಕು. ಪ್ರೋಟೋಕಾಲ್ ತಪ್ಪಿ ಒಬ್ಬರ ಹೆಸರು ಕೆಳಗೆ ಬಂದರೆ ಮಾತ್ರ ಊರಲ್ಲಿ ನಿಜವಾದ ಕಾಳಗ. ಇನ್ನೊಂದು ಸಾವಿರ ವರ್ಷ ಕಳೆದ ಮೇಲೆ ಅದನ್ನು ಓದುವ ವಿದ್ವಾಂಸ, ಕನ್ನಡ ನಾಡಿನಲ್ಲಿ ಗುದ್ದಲಿಪೂಜೆಯೇ ಪ್ರಧಾನ ಧರ್ಮವಾಗಿತ್ತು ಎಂದು ಬರೆದರೆ ತಪ್ಪೇನು?

ನಗುವುದಕ್ಕೂ ಒಂದು ಮಿತಿ ಇದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಅದು ನಮ್ಮ ದುಡ್ಡು. ಒಂದೊಂದು ಜಾತಿಗೂ ಒಂದೊಂದು ಭವನ ಬೇಕು, ಕೊಡುತ್ತಾರೆ. ಅಂಬೇಡ್ಕರ್ ಭವನ ಮಾತ್ರ ಕಬ್ಬಿಣದ ಸರಳು ಚಾಚಿಕೊಂಡು ಎಷ್ಟೋ ಊರಲ್ಲಿ ಅರ್ಧಕ್ಕೇ ನಿಂತಿರುತ್ತದೆ. ಮುಗಿದ ಭವನದಲ್ಲಿ ಯಾರದೋ ರಾಗಿ ಮೂಟೆ, ಹಿಂದೆ ಇಸ್ಪೀಟು. ಮದುವೆಗೆ ಕೇಳಿದರೆ ನೀರಿಲ್ಲ, ಕರೆಂಟಿಲ್ಲ, ಕಕ್ಕಸಿಗೆ ಬಾಗಿಲಿಲ್ಲ. ಕೀಲಿ ಕೇಳಿದರೆ ಪಿಡಿಒ ಅಧ್ಯಕ್ಷರ ಕಡೆ ಕೈ ತೋರಿಸುತ್ತಾರೆ, ಅಧ್ಯಕ್ಷರು ಗುತ್ತಿಗೆದಾರರ ಕಡೆ. ಗುತ್ತಿಗೆದಾರರು ಕೊನೇ ಬಿಲ್ ಬರಲಿ ಎನ್ನುತ್ತಾರೆ. ಊರಿನ ಸ್ತ್ರೀಶಕ್ತಿ ಸಂಘದವರು ಅಲ್ಲಿವರೆಗೆ ಶಾಲೆಯ ಜಗಲಿಯಲ್ಲಿ ಸಭೆ ಮಾಡಿಕೊಳ್ಳಬೇಕು, ಅದೂ ಮೇಷ್ಟ್ರು ಒಪ್ಪಿದರೆ.