ಆರ್ಡರ್ ಹಾಕಿದ ಮೇಲೆ ಏನಾಯಿತು?

ಹನ್ನೆರಡು ವರ್ಷ ಕರ್ನಾಟಕದ ಒಂದು ಸಾರ್ವಜನಿಕ ಸಂಸ್ಥೆಯ ಖರೀದಿ ವಿಭಾಗದಲ್ಲಿದ್ದೆ. ಈಗ ಒಂಬತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಎರಡೂ ಕಡೆ ಮೇಜಿಗೆ ಬರುವುದು ಇಂಥದ್ದು ಬೇಕೆಂದು ವಿಭಾಗಗಳು ಕಳಿಸುವ ಅದೇ ಇಂಡೆಂಟು, ಅದೇ ಕೊಟೇಷನ್ನು, ‘ಮಾಲು ಇನ್ನೂ ಯಾಕೆ ಬಂದಿಲ್ಲ’ ಎಂಬ ಅದೇ ಫೋನು. ಆದರೆ ತನ್ನ ಕೆಲಸ ಎಲ್ಲಿಗೆ ಮುಗಿಯಿತು ಎಂದು ಖರೀದಿ ಅಧಿಕಾರಿ ಅಂದುಕೊಳ್ಳುವ ಜಾಗ ಮಾತ್ರ ಬೇರೆ. ಅಲ್ಲಿ ಪರ್ಚೇಸ್ ಆರ್ಡರಿಗೆ ಸಹಿ ಬಿದ್ದರೆ ನಮ್ಮ ಕೆಲಸ ಮುಗಿದಂತೆ. ಇಲ್ಲಿ ಕರಾರಿನ ಅವಧಿ ಮುಗಿಯುವವರೆಗೂ ಅದು ನನ್ನದೇ. ನಮ್ಮ ವೃತ್ತಿಯಲ್ಲಿ ಯಾರು ಬೆಳೆಯುತ್ತಾರೆ, ಯಾರು ನಿಂತಲ್ಲೇ ನಿಲ್ಲುತ್ತಾರೆ ಎಂಬುದನ್ನು ಬಹುಮಟ್ಟಿಗೆ ಈ ಒಂದು ವ್ಯತ್ಯಾಸವೇ ತೀರ್ಮಾನಿಸುತ್ತದೆ ಎಂದು ನನಗೆ ಅನ್ನಿಸತೊಡಗಿದೆ.

ಅಲ್ಲಿದ್ದಾಗ ನಾನು ಕೊಂಡ ಕೆಲವು ಪಂಪುಗಳ ನೆನಪು ಇವತ್ತಿಗೂ ಚುಚ್ಚುತ್ತದೆ. ಟೆಂಡರಿಗೆ ಐದು ಜನ ಬಂದಿದ್ದರು. ತಾಂತ್ರಿಕ ಲಕೋಟೆಯಲ್ಲಿ ನಾಲ್ವರು ಪಾಸಾದರು, ಬೆಲೆಯ ಲಕೋಟೆ ಬಿಚ್ಚಿದಾಗ ಒಬ್ಬರು ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆಯವರು, ಆದರು. ಎಲ್ಲರ ಬೆಲೆ ಹೋಲಿಸುವ ಕಂಪ್ಯಾರಿಟಿವ್ ಸ್ಟೇಟ್‌ಮೆಂಟಿನಲ್ಲಿ ಒಂದು ಅಂಕಿ ತಪ್ಪಿರಲಿಲ್ಲ, ಆಡಿಟ್‌ನವರು ಒಂದು ಷರಾ ಬರೆಯಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಬೇರೆ ಏನಕ್ಕೋ ಸ್ಟೋರ್ಸಿಗೆ ಹೋದಾಗ ಮೇಂಟೆನೆನ್ಸಿನ ಹಿರಿಯರೊಬ್ಬರು ಸಿಕ್ಕರು. “ಸಾರ್, ನೀವು ಆರ್ಡರ್ ಹಾಕಿ ಮರೆತುಬಿಟ್ರಿ. ನಾವು ದಿನಾ ಆ ಪಂಪುಗಳ ಜೊತೆ ಏಗ್ತಾ ಇದೀವಿ” ಅಂದರು. ಮೂರು ನಾಲ್ಕು ತಿಂಗಳಿಗೊಮ್ಮೆ ನೀರು ಸೋರದಂತೆ ತಡೆಯುವ ಸೀಲು ಹೋಗುತ್ತಿತ್ತಂತೆ. ಆ ಸೀಲು ಅದೇ ಕಂಪನಿಯದೇ ಆಗಬೇಕು, ಹೊರಗೆ ಸಿಗದು. ಪ್ರತಿ ಸಲ ಒಂದು ಸಣ್ಣ ಇಂಡೆಂಟು ಬಂದು ನಮ್ಮ ವಿಭಾಗದ್ದೇ ಇನ್ನೊಂದು ಮೇಜಿನಲ್ಲಿ ಸಿಂಗಲ್ ವೆಂಡರ್ ಎಂದು ಪಾಸಾಗುತ್ತಿತ್ತು. ನನ್ನ ಮೇಜಿಗೂ ಆ ಮೇಜಿಗೂ ಆರಡಿ ದೂರ. ಎರಡು ವರ್ಷ ನನಗದು ಗೊತ್ತೇ ಆಗಲಿಲ್ಲ.

ಸೀಲಿನ ಖರ್ಚಾದರೂ ಕಣ್ಣಿಗೆ ಕಾಣುವಂಥದ್ದು. ಕಾಣದ ಖರ್ಚು ಕರೆಂಟಿನಲ್ಲಿತ್ತು. 15 ಕಿಲೋವ್ಯಾಟ್ ಕೆಲಸ ಕೊಡಬೇಕಾದ ಒಂದು ಮೋಟರು ವರ್ಷಕ್ಕೆ 6,000 ಗಂಟೆ ಓಡುತ್ತದೆ ಅಂದುಕೊಳ್ಳಿ. ಅದರ ದಕ್ಷತೆ ಶೇ. 88 ಇದ್ದರೆ ಸುಮಾರು 1,02,000 ಯೂನಿಟ್ ತಿನ್ನುತ್ತದೆ. ಶೇ. 92 ಇದ್ದರೆ ಸುಮಾರು 98,000. ವರ್ಷಕ್ಕೆ ನಾಲ್ಕು ಸಾವಿರದ ನಾನೂರು ಯೂನಿಟ್ಟಿಗೂ ಹೆಚ್ಚು ವ್ಯತ್ಯಾಸ; ಹತ್ತು ವರ್ಷ ಓಡಿದರೆ ನಲವತ್ತನಾಲ್ಕು ಸಾವಿರ. ಸತತವಾಗಿ ಓಡುವ ಮೋಟರಿನ ಆಯುಷ್ಯದ ಖರ್ಚಿನಲ್ಲಿ ಕೊಂಡ ಬೆಲೆ ಒಂದು ಸಣ್ಣ ಪಾಲು, ಉಳಿದದ್ದೆಲ್ಲ ವಿದ್ಯುತ್ತು ಮತ್ತು ರಿಪೇರಿ. ಈ ಲೆಕ್ಕ ಹೈಸ್ಕೂಲಿನ ಹುಡುಗರಿಗೂ ಬರುತ್ತದೆ. ನಾನು ಹಾಕಿರಲಿಲ್ಲ, ಯಾಕೆಂದರೆ ಟೆಂಡರ್ ದಾಖಲೆಯಲ್ಲಿ ಅದಕ್ಕೊಂದು ಕಲಮು ಇರಲಿಲ್ಲ. ಆ ದಾಖಲೆ ತಯಾರಿಸಿದವನೂ ನಾನೇ, ಹಿಂದಿನ ಟೆಂಡರಿನದನ್ನು ನಕಲು ಮಾಡಿ.

ನಿಯಮವೇ ಹಾಗಿದೆ, ಕಡಿಮೆ ಬೆಲೆಗೇ ಕೊಡಬೇಕು ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದೆವು. ಈಗ ದೂರದಿಂದ ಓದಿದಾಗ ನಿಯಮ ನಾವು ಹೇಳುತ್ತಿದ್ದಷ್ಟು ಬಡವಾಗಿ ಕಾಣುವುದಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 144ನೆಯದನ್ನು ನಿಧಾನವಾಗಿ ಓದಿ ನೋಡಿ. ಬೇಕಾದ್ದರ ಗುಣಮಟ್ಟವನ್ನು ಸ್ಪಷ್ಟವಾಗಿ ಬರೆಯಿರಿ, ಬೇಡದ ಅಂಶಗಳನ್ನು ತುಂಬಬೇಡಿ, ಒಪ್ಪಿದ ಬೆಲೆ ಆ ಗುಣಮಟ್ಟಕ್ಕೆ ತಕ್ಕದ್ದೇ ಎಂದು ಮನವರಿಕೆ ಮಾಡಿಕೊಳ್ಳಿ, ನಿರ್ಧಾರಕ್ಕೆ ಕಾರಣವಾದ ಅಂಶಗಳನ್ನು ಹಂತ ಹಂತದಲ್ಲೂ ನಿಖರವಾಗಿ ದಾಖಲಿಸಿ ಎನ್ನುತ್ತದೆ ಅದು. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಾಮಗಾರಿಗಳಿಗೂ ಸಲಹೆಯೇತರ ಸೇವೆಗಳಿಗೂ ಷರತ್ತುಗಳೊಡನೆ ಗುಣಮಟ್ಟಕ್ಕೆ ಅಂಕ ಕೊಡಲು ಅವಕಾಶ ಮಾಡಿತು. ಬೆಲೆಯೇತರ ಅಂಶಗಳ ತೂಕ ಶೇ. 30 ಮೀರಬಾರದು ಅಷ್ಟೆ. ನಮ್ಮ ಕೆಟಿಪಿಪಿ, ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರದು, ಅದರ ಹೆಸರಲ್ಲೇ ಪಾರದರ್ಶಕತೆ ಇದೆ. ಕಿಟಕಿ ತೆರೆದೇ ಇತ್ತು, ಹೊರಗೆ ಇಣುಕಲು ನಮಗೆ ಭಯ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಗುಣಮಟ್ಟಕ್ಕೆಂದು ಹೆಚ್ಚು ಬೆಲೆ ಕೊಟ್ಟವನಿಗೆ ಹತ್ತು ಪ್ರಶ್ನೆ ಬರುತ್ತವೆ, ಕಡಿಮೆ ಬೆಲೆಗೆ ಕಳಪೆ ತಂದವನನ್ನು ಯಾರೂ ಕೇಳುವುದಿಲ್ಲ. ಹೀಗಿರುವಾಗ ಮನುಷ್ಯ ಕಡತವನ್ನು ಕಾಪಾಡುವುದನ್ನು ಕಲಿಯುತ್ತಾನೆ. ನಾನು ಅದನ್ನು ಬಹಳ ಚೆನ್ನಾಗಿ ಕಲಿತೆ.

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನ್ನನ್ನು ತಬ್ಬಿಬ್ಬು ಮಾಡಿದ್ದು ಸೋತವರಿಗೆ ಬರೆಯಬೇಕಾದ ಪತ್ರ. ಟೆಂಡರಿನಲ್ಲಿ ಸೋತ ಪ್ರತಿಯೊಬ್ಬರಿಗೂ ಅವರಿಗೆಷ್ಟು ಅಂಕ ಬಂತು, ಯಾವ ಪ್ರಶ್ನೆಯಲ್ಲಿ ಏನು ಸಾಲದೆ ಹೋಯಿತು, ಗೆದ್ದವರ ಉತ್ತರದಲ್ಲಿ ಹೆಚ್ಚಿನದೇನಿತ್ತು ಎಂದು ಬರೆದು ಕಳಿಸಬೇಕು. ಬರೆದ ಮೇಲೆ ಕೆಲವು ದಿನ ಕಾಯಬೇಕು. 2025ರ ಫೆಬ್ರವರಿ 24ರಿಂದ ಜಾರಿಗೆ ಬಂದ 2023ರ ಖರೀದಿ ಕಾಯ್ದೆಯ ಪ್ರಕಾರ ಆ ಕಾಯುವ ಅವಧಿ ಕನಿಷ್ಠ ಎಂಟು ಕೆಲಸದ ದಿನ. ತಕರಾರಿದ್ದವರು ಕರಾರಿಗೆ ಸಹಿಯಾಗುವ ಮೊದಲೇ ಎತ್ತಲಿ ಎಂದು.

ನನ್ನ ಮೊದಲ ಪತ್ರಗಳನ್ನು ಬರೆಯಲು ಕೂತಾಗ ಕೈ ಓಡಲಿಲ್ಲ. ‘ಉತ್ತರ ತೃಪ್ತಿಕರವಾಗಿಲ್ಲ, ಅಂಕ ಎರಡು’ ಎಂದು ಅಂಕಪಟ್ಟಿಯಲ್ಲಿ ಗೀಚಿದ್ದೆ. ಏಕೆ ತೃಪ್ತಿಕರವಲ್ಲ? ತೃಪ್ತಿಕರ ಅಂದರೆ ಏನೆಂದು ನಾವು ಟೆಂಡರಿನಲ್ಲಿ ಹೇಳಿದ್ದೆವೇ? ಹೇಳಿರಲಿಲ್ಲ. ಅವರು ತಪ್ಪು ಉತ್ತರ ಬರೆದದ್ದಕ್ಕಿಂತ ನಾವು ತಪ್ಪು ಪ್ರಶ್ನೆ ಕೇಳಿದ್ದೇ ದೊಡ್ಡದಾಗಿ ಕಂಡಿತು. ಅಲ್ಲಿಂದ ಮುಂದೆ ಟೆಂಡರ್ ಹೊರಡಿಸುವ ಮೊದಲೇ, ಯಾರು ಸೋಲುತ್ತಾರೋ ಗೊತ್ತಿಲ್ಲದಾಗಲೇ, ಸೋತವರಿಗೆ ಬರೆಯುವ ಪತ್ರದ ಕರಡು ಮಾಡುವುದನ್ನು ರೂಢಿಸಿಕೊಂಡೆ. ಪ್ರತಿ ಪ್ರಶ್ನೆಯ ಕೆಳಗೂ ‘ನಿಮಗೆ ಪೂರ್ಣ ಅಂಕ ಬರಲಿಲ್ಲ, ಏಕೆಂದರೆ...’ ಎಂದು ಬರೆದು ನೋಡುತ್ತೇನೆ. ವಾಕ್ಯ ಮುಂದೆ ಸಾಗದಿದ್ದರೆ ಪ್ರಶ್ನೆಯನ್ನು ತಿದ್ದುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಇದರಷ್ಟು ತಿದ್ದಿದ ಅಭ್ಯಾಸ ಇನ್ನೊಂದಿಲ್ಲ. ಇದಕ್ಕೆ ಇಂಗ್ಲೆಂಡಿನ ಕಾಯ್ದೆಯೇನೂ ಬೇಕಿಲ್ಲ, ಯಾವ ಕಚೇರಿಯಲ್ಲಿ ಕೂತವರೂ ಮಾಡಬಹುದು.

ಇಲ್ಲಿಯ ಹಳೆಯ ನಿಯಮಗಳು ‘ಆರ್ಥಿಕವಾಗಿ ಅತ್ಯಂತ ಲಾಭದಾಯಕ’ ಟೆಂಡರನ್ನು ಆರಿಸಿ ಎನ್ನುತ್ತಿದ್ದವು. ಹೊಸ ಕಾಯ್ದೆ ‘ಆರ್ಥಿಕವಾಗಿ’ ಎಂಬ ಪದವನ್ನು ಬಿಟ್ಟಿದೆ. 50 ಲಕ್ಷ ಪೌಂಡ್ ಮೀರಿದ ಕರಾರಾದರೆ ಸಾಮಾನ್ಯವಾಗಿ ಕನಿಷ್ಠ ಮೂರು ಅಳತೆಗೋಲುಗಳನ್ನು ಮೊದಲೇ ಪ್ರಕಟಿಸಿ, ವರ್ಷಕ್ಕೊಮ್ಮೆಯಾದರೂ ಸಪ್ಲೈಯರ್ ಹೇಗೆ ನಡೆದುಕೊಂಡರೆಂದು ಅಳೆದು ಅದನ್ನೂ ಪ್ರಕಟಿಸಬೇಕು. ಕಾನೂನೇ ನನ್ನನ್ನು ಎಳೆದುಕೊಂಡು ಹೋಗಿ ನಾನು ಕೊಂಡದ್ದರ ಮುಂದೆ ನಿಲ್ಲಿಸುತ್ತದೆ. ಪಂಪಿನ ಕಥೆ ಇಲ್ಲಿ ನಡೆದಿದ್ದರೆ ಮೊದಲ ವರ್ಷವೇ ನನ್ನ ಕಿವಿಗೆ ಬೀಳುತ್ತಿತ್ತು.

ಓದಿನ ವಿಷಯಕ್ಕೆ ಬಂದರೆ, ಇಲ್ಲಿ 1932ರಲ್ಲಿ ಹುಟ್ಟಿ 1992ರಲ್ಲಿ ರಾಜಸನ್ನದು ಪಡೆದ ಸಿಐಪಿಎಸ್ ಎಂಬ ಖರೀದಿಯವರ ವೃತ್ತಿಸಂಸ್ಥೆ ಇದೆ. ಹಂತ ಹಂತವಾಗಿ ಡಿಪ್ಲೊಮಾ ಮುಗಿಸಿ, ಅದರ ಮೇಲೆ ಮೂರು ವರ್ಷದ ಅನುಭವ ತೋರಿಸಿದರೆ ಪೂರ್ಣ ಸದಸ್ಯತ್ವ. ಚಾರ್ಟರ್ಡ್ ಪದವಿ ಉಳಿಸಿಕೊಳ್ಳಲು ವರ್ಷ ವರ್ಷ ನೀತಿಯ ಪರೀಕ್ಷೆ ಬರೆಯಬೇಕು. ನಮ್ಮಲ್ಲೂ ಐಐಎಂಎಂ ಎಂಬ ಸಂಸ್ಥೆ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟಿನಲ್ಲಿ ಡಿಪ್ಲೊಮಾ ಕೊಡುತ್ತದೆ. ಎರಡೂ ಒಳ್ಳೆಯವೇ, ಮಾಡಿ. ಆದರೆ ಪ್ರಮಾಣಪತ್ರ ಕೊಡುವುದು ಶಬ್ದಕೋಶವನ್ನು. ಪೀಟರ್ ಕ್ರಾಲ್ಜಿಕ್ 1983ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಕೊಂಡ ವಸ್ತುಗಳನ್ನು ನಾಲ್ಕು ಮನೆಗಳಾಗಿ ವಿಂಗಡಿಸಿದ್ದನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಒಂದು ಕಡೆ ಅದರ ಬೆಲೆಯಿಂದ ನಮ್ಮ ಮೇಲಾಗುವ ಪರಿಣಾಮ, ಇನ್ನೊಂದು ಕಡೆ ಅದು ಸಿಗದೇ ಹೋಗುವ ಅಪಾಯ. ಬೆಲೆ ಕಡಿಮೆ, ಅಪಾಯ ಹೆಚ್ಚು ಇರುವ ಮನೆಗೆ ಆತ ಸೀಸೆಯ ಕುತ್ತಿಗೆ ಎಂಬ ಅರ್ಥದ ಹೆಸರಿಟ್ಟ. ಆ ಪುಟ ಓದುತ್ತಿದ್ದ ಹಾಗೇ ನನ್ನ ಪಂಪಿನ ಸೀಲು ಕಣ್ಣ ಮುಂದೆ ಬಂತು. ಅಂಗೈಯಲ್ಲಿ ಹಿಡಿಸುವ ವಸ್ತು, ಒಬ್ಬನೇ ಮಾರುವವ, ಅದಿಲ್ಲದಿದ್ದರೆ ನೀರೇ ನಿಲ್ಲುತ್ತದೆ. ಆ ಸೀಲಿನ ಅನುಭವ ಇಲ್ಲದಿದ್ದರೆ ಆ ಚಿತ್ರ ನನಗೆ ನಾಲ್ಕು ಚೌಕವಾಗಿಯೇ ಉಳಿಯುತ್ತಿತ್ತು.

ಇಲ್ಲಿಯದೆಲ್ಲ ಹೆಚ್ಚು, ಅಲ್ಲಿಯದೆಲ್ಲ ಕಡಿಮೆ ಎಂದು ಯಾರಾದರೂ ಓದಿಕೊಂಡರೆ ನನಗೆ ಬೇಸರವಾಗುತ್ತದೆ. ಅಲ್ಲಿ ನನ್ನ ಹಿರಿಯರು ಕಲಿಸಿದ ರೇಟ್ ಅನಾಲಿಸಿಸ್ ಇಲ್ಲಿ ನನ್ನ ಜೊತೆಗಿರುವವರಲ್ಲಿ ಬಹಳ ಜನಕ್ಕೆ ಬರುವುದಿಲ್ಲ. ಒಂದು ಎರಕದ ಬಿಡಿಭಾಗ ಕೈಗೆ ಕೊಟ್ಟರೆ ಮೊದಲು ತೂಕ ನೋಡು ಎನ್ನುತ್ತಿದ್ದರು ಅವರು. ಲೋಹಕ್ಕೆ ಇಷ್ಟು, ಕರಗಿಸಿ ಎರೆಯಲು ಇಷ್ಟು, ಲೇತಿನ ಮೇಲೆ ಇಷ್ಟು ನಿಮಿಷ, ಅದರಲ್ಲಿ ಹಾಳಾಗುವುದು ಇಷ್ಟು, ಅವನಿಗೂ ಲಾಭ ಬೇಕಲ್ಲ, ಅದಿಷ್ಟು. ಕೊಟೇಷನ್ ಬಿಚ್ಚುವ ಮೊದಲು ನಮ್ಮದೊಂದು ಅಂದಾಜು ಬರೆದಿಟ್ಟಿರಬೇಕಿತ್ತು. ಬಂದ ಬೆಲೆ ಅದಕ್ಕಿಂತ ಮೇಲಿದ್ದರೆ ಏಕೆಂದು ಕೇಳಬೇಕು, ತೀರ ಕೆಳಗಿದ್ದರೆ ಇನ್ನೂ ಜೋರಾಗಿ ಕೇಳಬೇಕು. ಇಲ್ಲಿ ಐದು ಜನ ಪೈಪೋಟಿ ಮಾಡಿದರೆ ಬೆಲೆ ತಾನೇ ಸರಿಯಾಗುತ್ತದೆ ಎಂಬ ನಂಬಿಕೆ. ಒಂದೇ ಟೆಂಡರ್ ಬಂದ ದಿನ ಆ ನಂಬಿಕೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅಂಥ ದಿನಗಳಲ್ಲಿ ನನ್ನ ಸಹೋದ್ಯೋಗಿಗಳು ನನ್ನ ಮೇಜಿಗೆ ಬರುತ್ತಾರೆ. ನನ್ನ ಹಿರಿಯರ ಹೆಸರು ಹೇಳಿ ಹೇಳಿಕೊಡುತ್ತೇನೆ.

ಹಣ ಪಾವತಿಯ ಬಗ್ಗೆ ಒಂದು ಮಾತು. ಬಿಲ್ಲು ಪಾಸು ಮಾಡುವುದು ಅಕೌಂಟ್ಸಿನವರ ತಲೆನೋವು ಎಂದು ನಾನು ಅಲ್ಲಿ ತಿಳಿದಿದ್ದೆ. ಸಣ್ಣ ಕೈಗಾರಿಕೆಗಳಿಗೆ ಗರಿಷ್ಠ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಎಂಎಸ್ಎಂಇ ಕಾಯ್ದೆ ಹೇಳುತ್ತದೆ. ಇಲ್ಲಿ ಸರ್ಕಾರಿ ಕರಾರುಗಳಿಗೆ 30 ದಿನ. ಗಡುವಿಗಿಂತ ಮುಖ್ಯವಾದದ್ದು ಮುಂದಿನ ಕೊಟೇಷನ್. ನಾವು ಸತಾಯಿಸಿದ ದಿನಗಳ ಬಡ್ಡಿ ಅದರೊಳಗೆ ಸೇರಿಯೇ ಬರುತ್ತದೆ. ಮಾತುಕತೆಯ ಜಾಣತನದಿಂದ ಅದನ್ನು ಇಳಿಸಲಾಗದು.

ಅಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರಿದ ತಮ್ಮ ತಂಗಿಯರು ಆಗಾಗ ಕೇಳುತ್ತಾರೆ: ಅಣ್ಣಾ, ಯಾವ ಕೋರ್ಸ್ ಮಾಡಲಿ, ಯಾವ ಸಾಫ್ಟ್‌ವೇರ್ ಕಲಿಯಲಿ? ನಾನು ಒಂದು ಡೈರಿ ಇಡಲು ಹೇಳುತ್ತೇನೆ. ದೊಡ್ಡದೊಂದು ಆರ್ಡರ್ ಹಾಕಿದ ದಿನ ಎರಡು ಸಾಲು ಬರೆಯಿರಿ: ಇವರನ್ನೇ ಏಕೆ ಆರಿಸಿದೆ, ಏನು ಕೈಕೊಡಬಹುದು ಎಂದು ಅನ್ನಿಸುತ್ತಿದೆ. ಆರು ತಿಂಗಳ ಮೇಲಿನ ಒಂದು ದಿನವನ್ನೂ, ವರ್ಷದ ಮೇಲಿನ ಒಂದು ದಿನವನ್ನೂ ಗುರುತು ಮಾಡಿಡಿ. ಆ ದಿನ ಫೋನ್ ಮಾಡದೆ ನಡೆದುಕೊಂಡೇ ಹೋಗಿ, ವಸ್ತುವಿನ ಮೇಲೆ ಕೈಯಿಟ್ಟು ಕೆಲಸ ಮಾಡುವವರನ್ನು ಮಾತಾಡಿಸಿ. ವರ್ಗವಾಗಿ ಬೇರೆ ವಿಭಾಗಕ್ಕೆ ಹೋಗಿದ್ದರೂ ಹೋಗಿ. ಯಾರೂ ಆದೇಶ ಕೊಡುವುದಿಲ್ಲ, ಯಾರೂ ತಡೆಯುವುದೂ ಇಲ್ಲ.

ಕಾನೂನು ಒತ್ತಾಯಿಸುವ ಇಲ್ಲಿಯೂ ನಾನು ಆ ಡೈರಿ ಬಿಟ್ಟಿಲ್ಲ. ಹೋದ ವರ್ಷ ಯಂತ್ರಗಳ ನಿರ್ವಹಣೆಯ ಒಂದು ಕರಾರಿನ ಪರಿಶೀಲನೆಗೆ ಹೋಗಿದ್ದೆ. ಕರೆ ಮಾಡಿದ ನಾಲ್ಕು ಗಂಟೆಯೊಳಗೆ ಎಂಜಿನಿಯರ್ ಬರಬೇಕು ಎಂಬುದು ನಾನೇ ಬರೆದ ಅಳತೆಗೋಲು. ವರದಿಯಲ್ಲಿ ತಿಂಗಳು ತಿಂಗಳೂ ಶೇ. 100 ಇತ್ತು. ಕೆಳಗಿಳಿದು ಹೋಗಿ ಕೇಳಿದರೆ ಒಂದು ಯಂತ್ರ ಹನ್ನೊಂದು ದಿನದಿಂದ ನಿಂತಿದೆ. ಎಂಜಿನಿಯರ್ ಹೇಳಿದ ಹೊತ್ತಿಗೇ ಬಂದಿದ್ದ, ನೋಡಿದ, ಬಿಡಿಭಾಗ ಇಲ್ಲ ಎಂದು ಬರೆದು ಹೋದ. ಕರಾರಿನ ಪ್ರಕಾರ ಅವರದು ಒಂದಿಷ್ಟೂ ತಪ್ಪಿಲ್ಲ. ಪಂಪಿನ ಕಡತದ ಹಾಗೆಯೇ ಇದೂ ಶುದ್ಧವಾಗಿತ್ತು.

ಕರಾರನ್ನು ನವೀಕರಿಸುವಾಗ ಆ ಸಾಲನ್ನು ಹೊಡೆದುಹಾಕಿದೆ. ಯಂತ್ರ ಮತ್ತೆ ಓಡತೊಡಗಿದ ಹೊತ್ತು ಯಾವುದು ಎಂಬುದು ಈಗಿನ ಅಳತೆ. ಜೊತೆಗೆ ಯಾವ ಏಳು ಬಿಡಿಭಾಗಗಳು ಸದಾ ಸ್ಟಾಕಿನಲ್ಲಿರಬೇಕು ಎಂಬ ಪಟ್ಟಿಯೂ ಸೇರಿದೆ. ಆ ಪಟ್ಟಿಯನ್ನು ಮಾಡಿಕೊಟ್ಟವರು ಯಂತ್ರ ನಡೆಸುವವರೇ. ಸಪ್ಲೈಯರ್ ಮೊದಲು ಗೊಣಗಿದರು, ಆಮೇಲೆ ಎರಡು ಬಿಡಿಭಾಗ ತಾವೇ ಸೇರಿಸಿದರು. ಡೈರಿಯಲ್ಲಿ ಮುಂದಿನ ಗುರುತು ಜೂನ್ ತಿಂಗಳಿನದು.