ಕಾರಿಲ್ಲದ ದ್ವೀಪ, ಕಾರು ತುಂಬಿದ ಗಿರಿ
ಮಿಷಿಗನ್‌ನ ಮ್ಯಾಕಿನಾ ದ್ವೀಪದ (ಅಮೆರಿಕ) ಬಗೆಗಿನ ನಿಮ್ಮ ಪ್ರವಾಸ ಲೇಖನದಲ್ಲಿ ಅಲ್ಲಿ ನೋಡಬೇಕಾದ್ದನ್ನೆಲ್ಲ ಬರೆದಿದ್ದೀರಿ. ಕೋಟೆ, ಫಡ್ಜ್ ಮಿಠಾಯಿ ಅಂಗಡಿ, 1887ರ ಗ್ರ್ಯಾಂಡ್ ಹೋಟೆಲ್ ಎಲ್ಲ ಸರಿ. ಆದರೆ ಸೈಕಲ್ ವಿಷಯ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ ಸಾರ್! ಅಲ್ಲಿನ ಮಜಾ ಇರುವುದೇ ಅದರಲ್ಲಿ. ದಡದ ಗುಂಟ ಸುಮಾರು 13 ಕಿ.ಮೀ. ರಸ್ತೆ, ಹೆಚ್ಚುಕಡಿಮೆ ಸಮತಟ್ಟು. ನನ್ನಂಥ ಅರವತ್ತು ದಾಟಿದವರೂ ಆರಾಮಾಗಿ ಸುತ್ತಬಹುದು. ಕುದುರೆಗಳು ಬೆದರುತ್ತವೆ ಅಂತ 1898ರಲ್ಲೇ ಅಲ್ಲಿ ಮೋಟಾರು ಗಾಡಿ ನಿಷೇಧಿಸಿದರು. ಆಂಬುಲೆನ್ಸ್‌ನಂಥವು ಬಿಟ್ಟರೆ ಇವತ್ತಿಗೂ ಕುದುರೆ ಗಾಡಿಯೇ. ಲದ್ದಿ ವಾಸನೆ ಮಾತ್ರ ಜಾಸ್ತಿ, ಅದನ್ನೂ ಹೇಳಬೇಕಿತ್ತು ಅಲ್ವಾ?

ನಮ್ಮ ಚಿಕ್ಕಮಗಳೂರಿನಲ್ಲಿ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯ ಕಾರಿನ ಸಾಲು ನೋಡಿದರೆ, ಗಿರಿಯ ದಾರಿಯ ಕೈಮರ ಚೆಕ್‌ಪೋಸ್ಟ್‌ನಿಂದಾಚೆಗಾದರೂ ಇಂಥ ನಿಯಮ ಬೇಕು ಅನಿಸುತ್ತದೆ. ದಾರಿಯಲ್ಲೇ ಸಿಗುವ ಸೀತಾಳಯ್ಯನಗಿರಿವರೆಗೆ ಬಸ್ ಬಿಡಲಿ, ಮುಂದೆ ಎಲ್ಲರೂ ನಡೆಯಲಿ.